ಜಂಬಿಟ್ಟಿಗೆ ಗೋಡೆಯ ಮನೆಯಲ್ಲಿ ವೈಫೈ: ಹೊಸ ರೌಟರ್ ಕೊಳ್ಳಬೇಕೆ, ತಂತಿ ಎಳೆಯಬೇಕೆ?

ಸಾಗರದ ಹಳ್ಳಿಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲ್ಲೂಕಿನ ಹಳ್ಳಿಯೊಂದರ ಹಳೆಯ ಮನೆ. ಗೋಡೆಗಳೆಲ್ಲ ಜಂಬಿಟ್ಟಿಗೆಯವು, ನಡುಮನೆಯ ಗೋಡೆಯಂತೂ ಒಂದೂವರೆ ಅಡಿಗಿಂತ ದಪ್ಪ. ಫೈಬರ್ ಸಂಪರ್ಕ ಕೊಟ್ಟಾಗ ಲೈನಿನವರು ಜಗಲಿಯ ಮೂಲೆಯಲ್ಲಿ, ಕರೆಂಟ್ ಮೀಟರಿನ ಪಕ್ಕದಲ್ಲೇ ಪೆಟ್ಟಿಗೆ ಕೂರಿಸಿ ಹೋದರು. ಫೈಬರ್ ಬಂದು ಸೇರುವ ಓಎನ್‌ಟಿಯೂ ವೈಫೈ ರೌಟರೂ ಆ ಒಂದೇ ಪೆಟ್ಟಿಗೆಯಲ್ಲಿವೆ. ನಾವು ತೆಗೆದುಕೊಂಡಿರುವುದು 100 ಎಂಬಿಪಿಎಸ್ ಯೋಜನೆ.

ಜಗಲಿಯಲ್ಲಿ ಕುಳಿತರೆ ಯಾವ ತೊಂದರೆಯೂ ಇಲ್ಲ. ಆದರೆ ಮಗಳು ಮೆತ್ತಿನ (ಮಹಡಿಯ) ಹಿಂಬದಿಯ ಕೋಣೆಯಿಂದ ಬೆಂಗಳೂರಿನ ಕಚೇರಿಯ ಕೆಲಸ ಮಾಡುತ್ತಾಳೆ. ಅಲ್ಲಿ ವಿಡಿಯೋ ಮೀಟಿಂಗ್ ನಡೆಯುವಾಗ ಮಾತು ತುಂಡು ತುಂಡಾಗುತ್ತದೆ, ಸಂಜೆ ಮನೆಮಂದಿಯೆಲ್ಲ ಫೋನ್ ಹಿಡಿದರೆ ಇನ್ನೂ ಕೆಡುತ್ತದೆ. ಪೇಟೆಯ ಅಂಗಡಿಯವರು ಆರು ಆಂಟೆನಾಗಳ ದುಬಾರಿ ರೌಟರೊಂದನ್ನು ತೋರಿಸಿ, ಇದನ್ನು ಹಾಕಿದರೆ ಮನೆಯೆಲ್ಲ ತುಂಬುತ್ತದೆ ಎನ್ನುತ್ತಿದ್ದಾರೆ. ಇದರ ಜೊತೆಗೆ, ಅಂಗಳದ ಆಚೆ ಸುಮಾರು 30 ಮೀಟರ್ ದೂರದಲ್ಲಿರುವ ಹಳೆಯ ಕೊಟ್ಟಿಗೆಯಲ್ಲಿ ಈಗ ಅಡಿಕೆ ಚೀಲಗಳನ್ನು ಇಡುತ್ತಿರುವುದರಿಂದ ಅಲ್ಲಿಗೊಂದು ಕ್ಯಾಮೆರಾ ಹಾಕಬೇಕೆಂದಿದ್ದೇವೆ. ತಿಳಿದವರು ದಾರಿ ತೋರಿಸಬೇಕು.

ತಂತಿ ಮೊದಲು

ಅಳತೆ ಮಾಡುವ ಮೊದಲು ದಯವಿಟ್ಟು ಏನನ್ನೂ ಕೊಳ್ಳಬೇಡಿ. ತೊಂದರೆ ಹೊರಗಿನ ಲೈನಿನಲ್ಲಿದೆಯೋ, ಪೆಟ್ಟಿಗೆಯಲ್ಲಿದೆಯೋ ಅಥವಾ ಪೆಟ್ಟಿಗೆಯಿಂದ ಮೆತ್ತಿನವರೆಗಿನ ಹಾದಿಯಲ್ಲಿದೆಯೋ ಎಂಬುದು ಗೊತ್ತಾಗದ ಹೊರತು ಎಷ್ಟು ಹಣ ಸುರಿದರೂ ಅದು ಅಂದಾಜಿನ ಮೇಲೆ ಸುರಿದ ಹಣವೇ.

ಮೊದಲು ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ ಮೂಲಕ ನೇರವಾಗಿ ಪೆಟ್ಟಿಗೆಗೆ ಜೋಡಿಸಿ, ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ವೇಗವನ್ನು ಪರೀಕ್ಷಿಸಿ. ಅಲ್ಲಿಯೇ ನಿಮ್ಮ ಯೋಜನೆಯ ವೇಗ ಸಿಗದಿದ್ದರೆ ಮನೆಯೊಳಗೆ ಏನು ಮಾಡಿದರೂ ಪ್ರಯೋಜನವಿಲ್ಲ. ಸೇವೆ ಕೊಡುವವರನ್ನೇ ಕೇಳಬೇಕು. ಹಾಗೆ ಕೇಳುವ ಮೊದಲು ಪೆಟ್ಟಿಗೆಯ ಪುಟವನ್ನು ಬ್ರೌಸರ್‌ನಲ್ಲಿ ತೆರೆದು ನೋಡಿ. ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಆಗಿರುತ್ತದೆ, ಪೆಟ್ಟಿಗೆಯ ತಳದ ಚೀಟಿಯಲ್ಲಿಯೂ ಅಚ್ಚಾಗಿರುತ್ತದೆ. ಆ ಪುಟದಲ್ಲಿ ಫೈಬರ್ ಮೂಲಕ ಬರುತ್ತಿರುವ ಬೆಳಕಿನ ಶಕ್ತಿಯನ್ನು ಡಿಬಿಎಂ ಎಂಬ ಅಳತೆಯಲ್ಲಿ ತೋರಿಸುತ್ತಾರೆ; ಋಣ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಶಕ್ತಿ ಹೆಚ್ಚು. ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವ ಜಿಪಾನ್ ಸಂಪರ್ಕಗಳಲ್ಲಿ ಅದು -8ರಿಂದ -27ರೊಳಗೆ ಇರಬೇಕು. -27ರ ಅಂಚಿನಲ್ಲಿದ್ದರೆ ಎಲ್ಲೋ ಫೈಬರ್ ಮಡಚಿದೆ, ಬೆಸುಗೆ ಸರಿಯಾಗಿಲ್ಲ ಅಥವಾ ಕನೆಕ್ಟರಿನ ತುದಿ ಕೊಳೆಯಾಗಿದೆ ಎಂದು ಅನುಮಾನಿಸಬಹುದು. ಅಂಕಿಯನ್ನು ಬರೆದಿಟ್ಟುಕೊಂಡು ದೂರು ಕೊಟ್ಟರೆ ಬರುವ ತಂತ್ರಜ್ಞರೂ ನೇರವಾಗಿ ಕೆಲಸಕ್ಕೆ ಇಳಿಯುತ್ತಾರೆ.

ಆಮೇಲೆ ಫೋನಿನಲ್ಲಿ ವೈಫೈ ವಿಶ್ಲೇಷಣೆಯ ಉಚಿತ ಆ್ಯಪ್ ಒಂದನ್ನು ಹಾಕಿಕೊಂಡು, ಪೆಟ್ಟಿಗೆಯ ಎದುರು, ನಡುಮನೆಯಲ್ಲಿ ಮತ್ತು ಮಗಳು ಕೂರುವ ಮೇಜಿನ ಮೇಲೆ ಸಿಗ್ನಲ್ ಎಷ್ಟಿದೆ ಎಂದು ನೋಡಿ. ವೈಫೈ ಬಳಸುವ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡ್‌ಗಳನ್ನೂ (ತರಂಗಗಳ ಪಟ್ಟಿಗಳನ್ನೂ) ಬೇರೆ ಬೇರೆಯಾಗಿ ಅಳೆಯಬೇಕು. -67 ಡಿಬಿಎಂ ಅಥವಾ ಅದಕ್ಕಿಂತ ಉತ್ತಮವಾಗಿದ್ದರೆ ವಿಡಿಯೋ ಮಾತುಕತೆ ಸರಾಗವಾಗಿ ನಡೆಯುತ್ತದೆ. -80ಕ್ಕಿಂತ ಕೆಳಗಿಳಿದರೆ ಸಂಪರ್ಕ ಹೆಸರಿಗಷ್ಟೇ ಇರುತ್ತದೆ.

ಬನಶಂಕರಿ ಮೂರನೇ ಮಹಡಿ

ಚಾನೆಲ್, ಎಂದರೆ ಬ್ಯಾಂಡಿನೊಳಗೆ ರೌಟರ್ ಬಳಸುವ ಓಣಿಯನ್ನು ಬದಲಾಯಿಸಿಯೂ ನೋಡಬಹುದು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆ್ಯಪ್ ತೆರೆದರೆ ಅಕ್ಕಪಕ್ಕದ ಮನೆಗಳ ಹತ್ತಾರು ವೈಫೈ ಹೆಸರುಗಳು ಒಂದರ ಮೇಲೊಂದು ಬಿದ್ದಿರುತ್ತವೆ. 2.4 ಗಿಗಾಹರ್ಟ್ಸ್‌ನಲ್ಲಿ ನಮ್ಮ ದೇಶದಲ್ಲಿ 1ರಿಂದ 13ರವರೆಗಿನ ಚಾನೆಲ್‌ಗಳನ್ನು ಬಳಸಬಹುದಾದರೂ, ಒಂದು ಚಾನೆಲ್‌ನಿಂದ ಇನ್ನೊಂದಕ್ಕೆ ಇರುವ ಅಂತರ 5 ಮೆಗಾಹರ್ಟ್ಸ್ ಮಾತ್ರ. ಒಂದು ರೌಟರ್ ಆಕ್ರಮಿಸುವ ಅಗಲವೋ ಕನಿಷ್ಠ 20 ಮೆಗಾಹರ್ಟ್ಸ್. ಆದ್ದರಿಂದ ಒಂದಕ್ಕೊಂದು ತಾಗದೆ ಉಳಿಯುವುದು 1, 6 ಮತ್ತು 11 ಮಾತ್ರ. 3 ಅಥವಾ 4ನ್ನು ಆರಿಸಿದರೆ ಎರಡೂ ಕಡೆಯವರ ಗದ್ದಲ ಕಿವಿಗೆ ಬೀಳುತ್ತದೆ. ಚಾನೆಲ್ ಅಗಲವನ್ನು 40ಕ್ಕೆ ಏರಿಸಿದರೆ ವೇಗ ಇಮ್ಮಡಿಯಾಗುತ್ತದೆ ಎಂದು ಸೆಟ್ಟಿಂಗ್ಸ್ ಪುಟ ಆಸೆ ತೋರಿಸುತ್ತದೆ, ಆದರೆ ಜನವಸತಿ ದಟ್ಟವಾಗಿರುವಲ್ಲಿ ಅದನ್ನು 20ರಲ್ಲೇ ಇಡುವುದು ನಮಗೂ ಒಳ್ಳೆಯದು, ನೆರೆಯವರಿಗೂ ಒಳ್ಳೆಯದು.

5 ಗಿಗಾಹರ್ಟ್ಸ್‌ನಲ್ಲಿ ಜಾಗ ಧಾರಾಳವಾಗಿದೆ. 2018ರ ಅಧಿಸೂಚನೆಯ ನಂತರ ಅಲ್ಲಿನ ಇನ್ನಷ್ಟು ಭಾಗಗಳನ್ನು ಪರವಾನಗಿಯಿಲ್ಲದೆ ಬಳಸಲು ನಮ್ಮಲ್ಲಿ ಅವಕಾಶವಾಗಿದೆ. ಅದರಲ್ಲಿ 52ರಿಂದ 64 ಮತ್ತು 100ರಿಂದ 144ರವರೆಗಿನ ಚಾನೆಲ್‌ಗಳನ್ನು ರಾಡಾರ್‌ಗಳೂ ಬಳಸುವುದರಿಂದ ರೌಟರ್ ಮೊದಲು ಒಂದು ನಿಮಿಷ ಸುಮ್ಮನೆ ಆಲಿಸಿ, ರಾಡಾರ್ ಇಲ್ಲವೆಂದು ಖಚಿತವಾದ ಮೇಲಷ್ಟೇ ಪ್ರಸಾರ ಆರಂಭಿಸುತ್ತದೆ. ರೌಟರ್ ಹಚ್ಚಿದ ತಕ್ಷಣ 5 ಗಿಗಾಹರ್ಟ್ಸ್ ಹೆಸರು ಕಾಣಿಸಲಿಲ್ಲವೆಂದು ಗಾಬರಿಯಾಗುವವರು ಇದನ್ನು ತಿಳಿದಿರಬೇಕು.

ಸಾಗರದ ಹಳ್ಳಿಮನೆ

ಇಬ್ಬರಿಗೂ ಕೃತಜ್ಞತೆಗಳು. ಹೇಳಿದಂತೆ ಅಳೆದೆ. ಕೇಬಲ್ ಮೂಲಕ 94 ಎಂಬಿಪಿಎಸ್ ಬಂತು. ಫೈಬರಿನ ಬೆಳಕು -21 ಇದೆ. ಜಗಲಿಯಲ್ಲಿ 5 ಗಿಗಾಹರ್ಟ್ಸ್‌ನಲ್ಲಿ ಹೆಚ್ಚುಕಡಿಮೆ ಅಷ್ಟೇ ವೇಗ ಸಿಗುತ್ತದೆ. ಮಗಳ ಮೇಜಿನ ಮೇಲೆ 5 ಗಿಗಾಹರ್ಟ್ಸ್ ಹೆಸರೇ ಕಾಣುವುದಿಲ್ಲ, 2.4ರಲ್ಲಿ -81 ತೋರಿಸುತ್ತದೆ, ವೇಗ 4ರ ಆಸುಪಾಸು. ಅಕ್ಕಪಕ್ಕದ ವೈಫೈ ಒಂದೂ ಇಲ್ಲ, ಹತ್ತಿರದ ಮನೆಯೇ ತೋಟದ ಆಚೆ ಇದೆ.

ತಂತಿ ಮೊದಲು

ಹಾಗಾದರೆ ಲೈನೂ ಚೆನ್ನಾಗಿದೆ, ಪೆಟ್ಟಿಗೆಯೂ ಚೆನ್ನಾಗಿದೆ. ಚಾನೆಲ್ ಗದ್ದಲವೂ ಇಲ್ಲ. ಅಡ್ಡಿಯಾಗಿರುವುದು ಗೋಡೆ ಮಾತ್ರ, ಅದರಲ್ಲೂ ಮಳೆಗಾಲದಲ್ಲಿ ನೀರು ಹೀರಿದ ಜಂಬಿಟ್ಟಿಗೆ ಇನ್ನಷ್ಟು ಸಿಗ್ನಲ್ ನುಂಗುತ್ತದೆ.

ಈ ಡಿಬಿಎಂ ಲೆಕ್ಕದಲ್ಲಿ 3 ಅಂಕಿ ಇಳಿದರೆ ಶಕ್ತಿ ಅರ್ಧವಾಗುತ್ತದೆ, 10 ಇಳಿದರೆ ಹತ್ತರಲ್ಲೊಂದು ಭಾಗವಾಗುತ್ತದೆ. ನಿಮಗೆ ಬೇಕಾದ -67ಕ್ಕೂ ಈಗಿರುವ -81ಕ್ಕೂ 14ರ ಅಂತರವಿದೆ. ಎಂದರೆ ಅಗತ್ಯವಿರುವ ಶಕ್ತಿಯ ಇಪ್ಪತ್ತೈದರಲ್ಲೊಂದು ಪಾಲು ಮಾತ್ರ ಆ ಮೇಜನ್ನು ತಲುಪುತ್ತಿದೆ. ಆರು ಆಂಟೆನಾಗಳ ರೌಟರ್ ಈ ಅಂತರವನ್ನು ತುಂಬಲಾರದು. ವೈಫೈ ಎರಡು ದಿಕ್ಕಿನ ಮಾತು; ರೌಟರ್ ಎಷ್ಟೇ ಜೋರಾಗಿ ಹೇಳಿದರೂ, ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಫೋನು ಅದೇ ಗೋಡೆಗಳನ್ನು ದಾಟಿ ಉತ್ತರ ಕೊಡಬೇಕಲ್ಲವೇ? ಫೋನಿನಲ್ಲಿ ಸಿಗ್ನಲ್ ಗೆರೆಗಳು ತುಂಬಿದ್ದರೂ ಪುಟ ತೆರೆಯದಿರುವುದಕ್ಕೆ ಎಷ್ಟೋ ಮನೆಗಳಲ್ಲಿ ಇದೇ ಕಾರಣ.

ಸಂಜೆ ಹೆಚ್ಚು ಕೆಡುವುದಕ್ಕೂ ಇದರಲ್ಲೇ ಉತ್ತರವಿದೆ. ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಂದು ಉಪಕರಣ ಮಾತ್ರ ಮಾತಾಡಬಹುದು. ಸಿಗ್ನಲ್ ಕ್ಷೀಣಿಸಿದಷ್ಟೂ ಉಪಕರಣ ನಿಧಾನಗತಿಯಲ್ಲಿ ಮಾತಾಡಬೇಕಾಗುತ್ತದೆ, ಅಷ್ಟೇ ಮಾಹಿತಿಗೆ ಹಲವು ಪಟ್ಟು ಸಮಯ ಹಿಡಿಯುತ್ತದೆ. ಹೀಗಾಗಿ ಹಿಂದಿನ ಕೋಣೆಯಲ್ಲಿರುವ ಒಂದೇ ಒಂದು ಫೋನು ಫೋಟೋಗಳನ್ನು ಮೇಲೇರಿಸತೊಡಗಿದರೆ ಉಳಿದವರೆಲ್ಲ ಕಾಯುವಂತಾಗುತ್ತದೆ. ಪೆಟ್ಟಿಗೆಯನ್ನು ನಡುಮನೆಗೆ ಸ್ಥಳಾಂತರಿಸಿದರೆ ಅರ್ಧ ಪರಿಹಾರ ಸಿಗಬಹುದು. ಪೂರ್ತಿ ಪರಿಹಾರ ಬೇಕಾದರೆ ಮೆತ್ತಿಗೆ ತಂತಿ ಎಳೆದು ಅಲ್ಲೊಂದು ಆಕ್ಸೆಸ್ ಪಾಯಿಂಟ್ (ತಂತಿಯಲ್ಲಿ ಬಂದ ಇಂಟರ್ನೆಟ್ಟನ್ನು ವೈಫೈ ಆಗಿ ಹರಡುವ ಪೆಟ್ಟಿಗೆ) ಇಡಬೇಕು.

ಮಲ್ಲಿಗೆ ಬಳ್ಳಿ

ತಂತಿ ಎಳೆಯಲು ಗೋಡೆ ಕೊರೆಯುವುದು ಎಲ್ಲರಿಗೂ ಸಾಧ್ಯವಿಲ್ಲ. ಬಾಡಿಗೆ ಮನೆಯಲ್ಲಿರುವವರು, ವಯಸ್ಸಾದ ತಂದೆತಾಯಿ ಮಾತ್ರ ಇರುವ ಮನೆಯವರು ಏನು ಮಾಡಬೇಕು? ಸಿಗ್ನಲನ್ನು ಹಿಡಿದು ಮತ್ತೆ ಹರಡುವ ರಿಪೀಟರ್, ಅಥವಾ ಹಲವು ಪೆಟ್ಟಿಗೆಗಳು ಒಂದೇ ವೈಫೈ ಆಗಿ ಕೆಲಸ ಮಾಡುವ ಮೆಶ್ ಹಾಕಿದರೆ ಸಾಲದೇ?

ಹುಬ್ಬಳ್ಳಿ ನೆಟ್‌ವರ್ಕ್ ಕೆಲಸ

ಮೇಡಂ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಸಾಧಾರಣ ರಿಪೀಟರ್ ಒಂದೇ ಚಾನೆಲ್‌ನಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಜೊತೆಗೆ ಬಹಳ ಮಂದಿ ಅದನ್ನು ಸಿಗ್ನಲ್ ಸಿಗದ ಕೋಣೆಯಲ್ಲೇ ಇಡುತ್ತಾರೆ. ಅಲ್ಲಿ ಅದಕ್ಕೂ ಸಿಗ್ನಲ್ ಸಿಗುವುದಿಲ್ಲ. ದಾರಿಯ ನಡುವೆ, -65ರಷ್ಟಾದರೂ ಬರುವ ಜಾಗದಲ್ಲಿ ಇಡಬೇಕು. ಪರಸ್ಪರ ಮಾತಿಗೆಂದೇ ಪ್ರತ್ಯೇಕ ಬ್ಯಾಂಡ್ ಇರುವ ಮೆಶ್ ಸೆಟ್‌ಗಳು ಇದಕ್ಕಿಂತ ಎಷ್ಟೋ ಮೇಲು, ಆದರೆ ಅವುಗಳ ನಡುವೆಯೂ ಜಂಬಿಟ್ಟಿಗೆ ಗೋಡೆ ಬಂದರೆ ಕಥೆ ಅದೇ. ಇಟ್ಟಿಗೆಯ ಒಂದೇ ಗೋಡೆ ಇರುವ ಬಾಡಿಗೆ ಮನೆಗಳಿಗೆ ಮೆಶ್ ಸಾಕು ಎಂಬುದು ನನ್ನ ಅಭಿಪ್ರಾಯ.

ಸಾಗರದವರೇ, ನಿಮ್ಮಲ್ಲಿ ಮೆತ್ತಿಗೆ ಹಲಗೆಯ ಹಾಸು ಇರುವುದರಿಂದ ಗೋಡೆ ಕೊರೆಯುವ ಅಗತ್ಯವೇ ಬೀಳಲಾರದು. ಏಣಿಯ ಪಕ್ಕದಲ್ಲಿ ಪಿವಿಸಿ ಪೈಪಿನೊಳಗೆ ಕೇಬಲ್ ಏರಿಸಬಹುದು. ಕ್ಯಾಟ್ 5ಇ ಅಥವಾ ಕ್ಯಾಟ್ 6 ದರ್ಜೆಯ ಲ್ಯಾನ್ ಕೇಬಲ್, ಯಾವುದಾದರೂ ಸರಿ. ಎರಡೂ 100 ಮೀಟರ್‌ವರೆಗೆ ಗಿಗಾಬಿಟ್ (1000 ಎಂಬಿಪಿಎಸ್) ವೇಗ ಒಯ್ಯುತ್ತವೆ. ಆದರೆ ಒಳಗಿನ ತಂತಿ ಅಪ್ಪಟ ತಾಮ್ರದ್ದಾಗಿರಬೇಕು. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ ಸುರುಳಿಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಬೆಳ್ಳಗಿನ ಲೋಹ ಕಂಡರೆ ಆ ಕೇಬಲ್ ಬೇಡ. ಅದು ಬಾಗಿಸಿದಲ್ಲಿ ಬೇಗ ಮುರಿಯುತ್ತದೆ.

ತುದಿಗೆ ಕನೆಕ್ಟರ್ ಹಾಕುವಾಗ ಎರಡೂ ಕಡೆ ಒಂದೇ ಕ್ರಮವಿರಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಜೋಡಿಗಳ ಹೆಣಿಗೆಯನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು, ಹೊರಗಿನ ಸಿಪ್ಪೆ ಕನೆಕ್ಟರಿನ ಒಳಗೆ ಕಚ್ಚಿಕೊಂಡಿರಬೇಕು. ಗಿಗಾಬಿಟ್‌ಗೆ ಎಂಟೂ ತಂತಿಗಳು ಬೇಕು. 100 ಎಂಬಿಪಿಎಸ್‌ಗೆ ನಾಲ್ಕೇ ಸಾಕು. ಆದ್ದರಿಂದ ನೀಲಿ ಅಥವಾ ಕಂದು ಜೋಡಿಯ ಒಂದು ತಂತಿ ಕೂರದಿದ್ದರೂ ಸಂಪರ್ಕ ಕೆಲಸ ಮಾಡುತ್ತಿರುವಂತೆಯೇ ಕಾಣುತ್ತದೆ, ವೇಗ ಮಾತ್ರ 94-95ರ ಆಚೆ ಹೋಗುವುದಿಲ್ಲ. ಮುಂದೆ ನೀವು 200ರ ಯೋಜನೆಗೆ ಹೋದಾಗಲೂ 94 ಬಂದರೆ ಮೊದಲು ಕನೆಕ್ಟರುಗಳನ್ನೂ ಪೆಟ್ಟಿಗೆಯ ಲ್ಯಾನ್ ಪೋರ್ಟ್ ಗಿಗಾಬಿಟ್ ಹೌದೇ ಎಂಬುದನ್ನೂ ನೋಡಿ.

ಮೇಲೆ ಇಡುವುದಕ್ಕೆ ಎರಡು ಬ್ಯಾಂಡಿನ ಸಾಧಾರಣ ರೌಟರ್ ಸಾಕು. ಅದರಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಅದರ ವಿಳಾಸವನ್ನು (ಕೆಳಗಿನ ಪೆಟ್ಟಿಗೆಯದು 192.168.1.1 ಆಗಿದ್ದರೆ) 192.168.1.2 ಎಂದು ಬದಲಾಯಿಸಿ, ಉಪಕರಣಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಆಫ್ ಮಾಡಿ, ಕೆಳಗಿನಿಂದ ಬಂದ ಕೇಬಲನ್ನು ಅದರ ಲ್ಯಾನ್ ಪೋರ್ಟಿಗೆ ಜೋಡಿಸಿ. ಹೊರಗಿನ ಲೈನಿಗೆಂದಿರುವ ವ್ಯಾನ್ ಪೋರ್ಟ್ ಖಾಲಿ ಇರಲಿ. ಕೆಳಗಿನ ಪೆಟ್ಟಿಗೆ ಹಂಚುವ ವಿಳಾಸಗಳ ಸಾಲಿನಲ್ಲಿ ಈ 2 ಸೇರದಂತೆ, ಹಂಚಿಕೆ 10ರಿಂದಲೋ 100ರಿಂದಲೋ ಆರಂಭವಾಗಲಿ. ಎರಡೂ ಕಡೆ ವೈಫೈ ಹೆಸರು ಮತ್ತು ಪಾಸ್‌ವರ್ಡ್ ಒಂದೇ ಇಟ್ಟು, ಚಾನೆಲ್ ಮಾತ್ರ ಬೇರೆ ಇಡಿ: ಕೆಳಗೆ 1, ಮೇಲೆ 11.

ತೀರ್ಥಹಳ್ಳಿ ತೋಟ

ಇಲ್ಲಿಯವರೆಗೆ ಯಾರೂ ಕೊಟ್ಟಿಗೆಯ ವಿಷಯ ಎತ್ತಲಿಲ್ಲ. ಮಲೆನಾಡಿನವರಿಗೆ ಅದೇ ಮುಖ್ಯವಾದದ್ದು, ದಯವಿಟ್ಟು ಗಮನವಿಟ್ಟು ಓದಿ. ಅಂಗಳದ ಮೇಲಿಂದ ಕೊಟ್ಟಿಗೆಗೆ ಲ್ಯಾನ್ ಕೇಬಲ್ ಎಳೆಯಬೇಡಿ. ಭರಣಿ, ಕೃತ್ತಿಕೆ ಮಳೆಗಳ ಕಾಲದಲ್ಲಿ ನಮ್ಮ ಕಡೆ ಬರುವ ಗುಡುಗು-ಸಿಡಿಲು ನಿಮಗೆ ಗೊತ್ತೇ ಇದೆ. ಸಿಡಿಲು ಮನೆಗೇ ಬಡಿಯಬೇಕೆಂದಿಲ್ಲ. ತೋಟದ ಮರವೊಂದಕ್ಕೆ ಬಡಿದರೂ ಬಯಲಲ್ಲಿ ಹಾದ ತಾಮ್ರದ ತಂತಿಯಲ್ಲಿ ಕ್ಷಣಮಾತ್ರದ ಅಧಿಕ ವೋಲ್ಟೇಜ್ ಹುಟ್ಟಿ, ಎರಡು ತುದಿಗಳಲ್ಲಿರುವ ಪೋರ್ಟ್‌ಗಳನ್ನೂ ಸುಡುತ್ತದೆ. ಎರಡು ಕಟ್ಟಡಗಳ ಅರ್ಥಿಂಗ್ ಬೇರೆ ಬೇರೆಯಾಗಿದ್ದರೆ ಅಪಾಯ ಇನ್ನೂ ಹೆಚ್ಚು.

ಇದಕ್ಕೆ ಸರಿಯಾದ ಉಪಾಯವೆಂದರೆ ಆ 30 ಮೀಟರನ್ನು ಫೈಬರಿನಲ್ಲೇ ದಾಟಿಸುವುದು. ಲ್ಯಾನ್ ಕೇಬಲನ್ನು ಫೈಬರಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಎಂಬ ಸಣ್ಣ ಪೆಟ್ಟಿಗೆಗಳು ಜೋಡಿಯಾಗಿ ಸಿಗುತ್ತವೆ. ಒಂದು ಮನೆಯಲ್ಲಿ, ಇನ್ನೊಂದು ಕೊಟ್ಟಿಗೆಯಲ್ಲಿ. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ. ಆದರೆ ಕೇಬಲಿಗೆ ಆಧಾರವಾಗಿ ಉಕ್ಕಿನ ತಂತಿ ಇದ್ದರೆ ಅದು ಒಯ್ಯುತ್ತದೆ. ಆ ಉಕ್ಕಿನ ಎಳೆಯನ್ನು ಗೋಡೆಯ ಹೊರಗಿನ ಕೊಕ್ಕೆಗೆ ಬಿಗಿದು ಅಲ್ಲಿಯೇ ಕತ್ತರಿಸಬೇಕು, ಒಳಗೆ ಬರಬೇಕಾದದ್ದು ಫೈಬರ್ ಮಾತ್ರ. ನಿಮ್ಮ ಮನೆಗೆ ಬಂದಿರುವ ಮುಖ್ಯ ಫೈಬರಿನಲ್ಲೂ ಇದನ್ನು ಹೀಗೆಯೇ ಮಾಡಿದ್ದಾರೆಯೇ ಎಂದು ಈಗಲೇ ಜಗಲಿಯ ಹೊರಗೆ ಹೋಗಿ ನೋಡಿ.

ಫೈಬರ್ ಬೇಡವೆಂದರೆ, ಅಂಗಳಕ್ಕೆ ಮುಖ ಮಾಡಿದ ಕಿಟಕಿಯ ಬಳಿ ಆಕ್ಸೆಸ್ ಪಾಯಿಂಟ್ ಇಟ್ಟು ಕ್ಯಾಮೆರಾವನ್ನು 2.4ರಲ್ಲಿ ಜೋಡಿಸಬಹುದು. ಗೋಡೆ ಅಡ್ಡವಿಲ್ಲದ 30 ಮೀಟರ್ ಅದಕ್ಕೆ ಹೆಚ್ಚಲ್ಲ.

ಕರೆಂಟ್ ಹೋದಾಗಿನ ವ್ಯವಸ್ಥೆಯನ್ನೂ ಈಗಲೇ ಯೋಚಿಸಿ. ಜಿಪಾನ್ ಜಾಲದಲ್ಲಿ ದಾರಿಯುದ್ದಕ್ಕೂ ಇರುವ ಬೆಳಕಿನ ವಿಭಜಕಗಳಿಗೆ ವಿದ್ಯುತ್ ಬೇಕಿಲ್ಲ. ಸೇವೆ ಕೊಡುವವರ ಕೇಂದ್ರದಲ್ಲಿ ಬ್ಯಾಟರಿಯೋ ಜನರೇಟರೋ ಇದ್ದು, ನಿಮ್ಮ ಪೆಟ್ಟಿಗೆಗೆ ವಿದ್ಯುತ್ ಸಿಕ್ಕರೆ, ಊರಿಗೆಲ್ಲ ಕರೆಂಟ್ ಇಲ್ಲದಿದ್ದರೂ ಇಂಟರ್ನೆಟ್ ನಡೆಯುತ್ತದೆ. ರೌಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ಸಾಕಾಗುತ್ತದೆ, ಆದರೆ ಅಡಾಪ್ಟರಿನ ಮೇಲೆ ಬರೆದ ವೋಲ್ಟೇಜನ್ನು ಓದದೆ ತರಬೇಡಿ. ಹೆಚ್ಚಿನವು 12 ವೋಲ್ಟಿನವು. 9 ವೋಲ್ಟಿನವೂ ಇವೆ. ಆಂಪಿಯರ್ ಅಷ್ಟೇ ಇರಲಿ ಅಥವಾ ಹೆಚ್ಚಿರಲಿ, ಪಿನ್ನಿನ ಧನ-ಋಣ ಚಿಹ್ನೆ ಹೊಂದಬೇಕು. ಗುಡುಗು ಶುರುವಾದರೆ ಯುಪಿಎಸ್ ಇದ್ದರೂ ಗೋಡೆಯ ಪ್ಲಗ್ಗನ್ನು ತೆಗೆದುಬಿಡಿ, ಪೆಟ್ಟಿಗೆ ಬ್ಯಾಟರಿಯಲ್ಲಿ ನಡೆಯಲಿ.

ಇನ್ನೊಂದು ಮಾತು. ನಮ್ಮ ಕಡೆ ರೌಟರಿನ ಬಿಸಿಗೆ ಇರುವೆಗಳು ಗಾಳಿಕಿಂಡಿಯಿಂದ ಒಳಹೊಕ್ಕು ಮೊಟ್ಟೆಯಿಡುತ್ತವೆ. ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಡದೆ, ಸ್ವಲ್ಪ ಎತ್ತರದಲ್ಲಿ ಗಾಳಿಯಾಡುವಂತೆ ಇಟ್ಟು, ಆಗಾಗ ಆರಿಸಿ ಒಣ ಬ್ರಷ್‌ನಿಂದ ಕಿಂಡಿಗಳನ್ನು ಶುಚಿ ಮಾಡಿ. ಬಟ್ಟೆ ಮುಚ್ಚುವುದು, ಗಾಜಿನ ಕಪಾಟಿನೊಳಗೆ ಇಡುವುದು ಎರಡೂ ಬೇಡ.

ಮೈಸೂರು ಓದುಗ

ಭದ್ರತೆಯ ವಿಷಯ ಸೇರಿಸಲು ಅನುಮತಿಯಿರಲಿ, ಏಕೆಂದರೆ ಕೆಲಸ ಮುಗಿದ ಮೇಲೆ ಯಾರೂ ಇದರ ಕಡೆ ತಿರುಗಿ ನೋಡುವುದಿಲ್ಲ. 2017ರ ಜುಲೈನಲ್ಲಿ ಕರ್ನಾಟಕ ದೂರಸಂಪರ್ಕ ವೃತ್ತದಲ್ಲಿ, 'ಅಡ್ಮಿನ್' ಎಂಬ ಮೂಲ ಪಾಸ್‌ವರ್ಡನ್ನು ಬದಲಾಯಿಸದೆ ಉಳಿಸಿಕೊಂಡಿದ್ದ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಕುತಂತ್ರಾಂಶದ ದಾಳಿಗೆ ಸಿಕ್ಕವು, ಪಾಸ್‌ವರ್ಡ್ ಬದಲಾಯಿಸಿಕೊಳ್ಳಿ ಎಂದು ಬಿಎಸ್‌ಎನ್‌ಎಲ್ ಗ್ರಾಹಕರಿಗೆ ಸೂಚನೆ ಕೊಟ್ಟಿತು. ಅದರ ಹಿಂದಿನ ವರ್ಷ ಜಗತ್ತಿನಾದ್ಯಂತ ಹಬ್ಬಿದ ಮಿರಾಯ್ ಎಂಬ ಕುತಂತ್ರಾಂಶ ಕೂಡ ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡ್‌ಗಳನ್ನೇ ಊಹಿಸಿ ಕ್ಯಾಮೆರಾ, ರೌಟರ್‌ಗಳಿಗೆ ನುಗ್ಗಿತ್ತು. ನೀವು ಈಗ ಕ್ಯಾಮೆರಾ ಹಾಕುತ್ತಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ: ಎರಡೂ ರೌಟರ್‌ಗಳ ನಿರ್ವಹಣೆಯ (ಸೆಟ್ಟಿಂಗ್ಸ್ ಪುಟ ತೆರೆಯುವ) ಪಾಸ್‌ವರ್ಡ್ ಮತ್ತು ಕ್ಯಾಮೆರಾದ ಪಾಸ್‌ವರ್ಡ್, ಮೂರನ್ನೂ ಮೊದಲ ದಿನವೇ ಬದಲಾಯಿಸಿ. ವೈಫೈ ಪಾಸ್‌ವರ್ಡ್ ಬದಲಾಯಿಸಿದರೆ ನಿರ್ವಹಣೆಯದೂ ಬದಲಾಯಿತು ಎಂದು ಹಲವರು ತಿಳಿದಿದ್ದಾರೆ, ಅವೆರಡೂ ಬೇರೆ.

ವೈಫೈಗೆ ಡಬ್ಲ್ಯೂಪಿಎ2 ಎಇಎಸ್ ಎಂಬ ಗೂಢಲಿಪಿ ರಕ್ಷಣೆ, ಅಥವಾ ಉಪಕರಣಗಳು ಒಪ್ಪಿದರೆ ಡಬ್ಲ್ಯೂಪಿಎ3 ಇರಲಿ. ಡಬ್ಲ್ಯೂಪಿಎಸ್ ಎಂಬ ಗುಂಡಿ ಒತ್ತಿ ಜೋಡಿಸುವ ಸೌಲಭ್ಯವನ್ನು ಆಫ್ ಮಾಡಿಬಿಡಿ. ಅದರ ಎಂಟಂಕಿಯ ಪಿನ್ನನ್ನು ರೌಟರ್ ಎರಡು ತುಂಡುಗಳಾಗಿ ಪರಿಶೀಲಿಸುವುದರಿಂದ ಹೆಚ್ಚೆಂದರೆ 11,000 ಊಹೆಗಳಲ್ಲಿ ಅದು ಸಿಕ್ಕಿಬಿಡುತ್ತದೆ ಎಂಬುದು 2011ರಲ್ಲೇ ಬಯಲಾಗಿದೆ. ಹೊರಗಿನಿಂದ ನಿರ್ವಹಿಸುವ ಸೌಲಭ್ಯವೂ ಆರಿರಲಿ. ರೌಟರಿನೊಳಗಿನ ತಂತ್ರಾಂಶವಾದ ಫರ್ಮ್‌ವೇರನ್ನು ಹೊಸತಾಗಿಸುವಾಗ ಮಧ್ಯದಲ್ಲಿ ಕರೆಂಟ್ ಹೋದರೆ ರೌಟರ್ ಮತ್ತೆ ಏಳದೇ ಹೋಗಬಹುದು, ಆದ್ದರಿಂದ ತೀರ್ಥಹಳ್ಳಿಯವರು ಹೇಳಿದ ಯುಪಿಎಸ್ ಜೋಡಿಸಿದ ನಂತರವೇ, ಸೆಟ್ಟಿಂಗ್‌ಗಳ ಪ್ರತಿಯೊಂದನ್ನು ಉಳಿಸಿಕೊಂಡು, ಕೇಬಲ್ ಮೂಲಕ ಆ ಕೆಲಸ ಮಾಡಿ.

ಬನಶಂಕರಿ ಮೂರನೇ ಮಹಡಿ

ವೈಫೈ ಹೆಸರನ್ನು ಮರೆಮಾಡಿದರೆ ಇನ್ನೂ ಭದ್ರವಲ್ಲವೇ?

ಮೈಸೂರು ಓದುಗ

ಇಲ್ಲ. ಹೆಸರು ಮರೆಯಾಗಿದ್ದರೂ ಸಂಪರ್ಕ ಬೇಡುವ ಫೋನು ಅದನ್ನು ಗಾಳಿಯಲ್ಲಿ ಕೂಗಿಯೇ ಕೂಗುತ್ತದೆ. ಆಲಿಸುವವರಿಗೆ ಕ್ಷಣದಲ್ಲಿ ಸಿಗುತ್ತದೆ. ಒಪ್ಪಿದ ಉಪಕರಣಗಳ ಮ್ಯಾಕ್ ವಿಳಾಸದ (ಪ್ರತಿ ಉಪಕರಣದ ಗುರುತಿನ ಸಂಖ್ಯೆಯ) ಪಟ್ಟಿ ಇಡುವುದೂ ಅಷ್ಟೇ, ಆ ವಿಳಾಸವನ್ನು ನಕಲು ಮಾಡುವುದು ಸುಲಭ. ಆ ಶ್ರಮವನ್ನು ಉದ್ದನೆಯ ಪಾಸ್‌ವರ್ಡ್ ಇಡುವುದಕ್ಕೆ ಹಾಕಿ.

ಸಾಗರದ ಹಳ್ಳಿಮನೆ

ಮೆತ್ತಿಗೆ ಕೇಬಲ್ ಏರಿಸಿ ಆಕ್ಸೆಸ್ ಪಾಯಿಂಟ್ ಇಟ್ಟೆವು. ಮಗಳ ಮೇಜಿನಲ್ಲಿ ಈಗ 5 ಗಿಗಾಹರ್ಟ್ಸ್ -48 ಇದೆ, ವೇಗ 92. ಮೀಟಿಂಗ್ ಕಡಿಯುವುದು ನಿಂತಿದೆ. ಉಕ್ಕಿನ ತಂತಿಯನ್ನು ಲೈನಿನವರು ಒಳಗಿನವರೆಗೂ ತಂದಿದ್ದರು, ಅದನ್ನೂ ಹೊರಗೆ ಕತ್ತರಿಸಿದ್ದಾಯಿತು. ಕೊಟ್ಟಿಗೆಗೆ ಫೈಬರ್ ಎಳೆದಿದ್ದೇವೆ, ಮನೆಯೊಳಗಿದ್ದಾಗ ಕ್ಯಾಮೆರಾದ ದೃಶ್ಯ ಚೆನ್ನಾಗಿ ಕಾಣುತ್ತದೆ. ಆದರೆ ಊರಿನಿಂದ ಹೊರಗಿದ್ದಾಗ ನೋಡಲೆಂದು, ಹೊರಗಿನ ಕರೆಯನ್ನು ಕ್ಯಾಮೆರಾಕ್ಕೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್ ಮಾಡಿದರೆ ಏನೂ ಆಗುತ್ತಿಲ್ಲ. ಸೆಟ್ಟಿಂಗ್ ಸರಿಯಿದೆ ಎಂದೇ ತೋರುತ್ತದೆ.

ತಂತಿ ಮೊದಲು

ಸೆಟ್ಟಿಂಗ್ ಸರಿಯಿದ್ದರೂ ಅದು ನಡೆಯದಿರಬಹುದು. ಪೆಟ್ಟಿಗೆಯ ಪುಟದಲ್ಲಿ ವ್ಯಾನ್ (ಹೊರಗಿನ ಲೈನಿನ ಕಡೆಯ) ವಿಳಾಸವನ್ನು ನೋಡಿ. ಅದು 100.64ರಿಂದ 100.127ರವರೆಗಿನ ಸಾಲಿನಲ್ಲಿ ಆರಂಭವಾಗಿದ್ದರೆ, ಸೇವೆ ಕೊಡುವವರು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆ ಎಂದರ್ಥ. ಹೊರಗಿನಿಂದ ಬಂದ ಕರೆ ಅವರ ಯಂತ್ರದಲ್ಲೇ ನಿಲ್ಲುತ್ತದೆ, ನಿಮ್ಮ ಪೆಟ್ಟಿಗೆಯವರೆಗೆ ಬರುವುದೇ ಇಲ್ಲ. ಸ್ಥಿರ ಸಾರ್ವಜನಿಕ ವಿಳಾಸವನ್ನು ಬೇರೆ ಶುಲ್ಕಕ್ಕೆ ಕೊಡುತ್ತಾರೆಯೇ ಎಂದು ಅವರನ್ನು ಕೇಳಬಹುದು, ಆದರೆ ಕ್ಯಾಮೆರಾ ಒಂದಕ್ಕಾಗಿ ಅದು ಬೇಕಿಲ್ಲ. ಕ್ಯಾಮೆರಾವನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡುವುದು ಕ್ಷೇಮವೂ ಅಲ್ಲ. ಕ್ಯಾಮೆರಾ ತಯಾರಕರ ಆ್ಯಪ್ ಬಳಸಿದರೆ ಕ್ಯಾಮೆರಾವೇ ಒಳಗಿನಿಂದ ಹೊರಕ್ಕೆ ಸಂಪರ್ಕ ಬೆಳೆಸುವುದರಿಂದ ಈ ತೊಡಕು ಬರುವುದಿಲ್ಲ. ತಯಾರಕರ ಸರ್ವರ್ ಮೇಲೆ ನಂಬಿಕೆಯಿಲ್ಲದಿದ್ದರೆ, ಮನೆಯಲ್ಲಿ ಸದಾ ಹಚ್ಚಿರುವ ಕಂಪ್ಯೂಟರ್ ಒಂದರಲ್ಲಿ, ಹೀಗೆಯೇ ಒಳಗಿನಿಂದ ಹೊರಕ್ಕೆ ಜೋಡಿಸುವ ವಿಪಿಎನ್ (ಮನೆಯ ಜಾಲಕ್ಕೆ ಭದ್ರವಾದ ಖಾಸಗಿ ದಾರಿ) ನಡೆಸಬಹುದು. ಈಗ ಮಾಡಿರುವ ಪೋರ್ಟ್ ಫಾರ್ವರ್ಡಿಂಗ್ ಸಾಲನ್ನು ಮಾತ್ರ ಇಂದೇ ಅಳಿಸಿಬಿಡಿ. ಮುಂದೆಂದಾದರೂ ಸಾರ್ವಜನಿಕ ವಿಳಾಸ ಬಂದರೆ ಅದು ತಾನಾಗಿಯೇ ತೆರೆದುಕೊಳ್ಳುತ್ತದೆ.